ಮೂರು ಕಡೆಗೆ ಸಲಾಮು

ಹೋದ ತಿಂಗಳು ವಿಜಯವಾಡದ ಆಟೋನಗರ್‌ನಲ್ಲಿ ನನ್ನ ಹಳೆಯ ಸ್ಕೂಟರನ್ನು ರಿಪೇರಿಗೆ ಬಿಟ್ಟು ಮೆಕ್ಯಾನಿಕ್ಕಿನ ಎದುರು ಬೆಂಚಿನ ಮೇಲೆ ಕೂತಿದ್ದೆ. ಕಾರ್ಬೊರೇಟರಿನ ಸಣ್ಣ ತಿರುಪನ್ನು ಅವನು ಅರ್ಧ ಸುತ್ತು ತಿರುಗಿಸಿದ. ಇಂಜಿನ್ನಿನ ಸದ್ದು ಸಮನಾಗುವವರೆಗೆ ತಲೆ ವಾಲಿಸಿ ಕೇಳಿದ. ಆಮೇಲೆ ಜೇಬಿನಿಂದ ಉಗುರುಬಣ್ಣದ ಪುಟ್ಟ ಬಾಟಲಿ ತೆಗೆದು ತಿರುಪಿನ ತಲೆಗೆ ಒಂದು ಚುಕ್ಕೆ ಇಟ್ಟ. ನಾನು ನೋಡುತ್ತಿರುವುದನ್ನು ಕಂಡು ನಾಚಿಕೊಂಡು, "ಮಾ ಆವಿಡದಿ ಸಾರ್," ಎಂದ. ಅವನ ಹೆಂಡತಿಯದಂತೆ. "ಇದಿ ಪೆಡಿತೇ ಇಂಕ ಕದಲದು." ಇದನ್ನು ಹಚ್ಚಿದರೆ ತಿರುಪು ಇನ್ನು ಅಲುಗುವುದಿಲ್ಲ.

ಗ್ರೀಸು, ಪೆಟ್ರೋಲು, ಕಾದ ರಬ್ಬರಿನ ನಡುವೆ ಆ ಒಂದು ಚುಕ್ಕೆಯ ವಾಸನೆ ಮೂಗಿಗೆ ಬಂದದ್ದೇ, ವಿಶಾಖಪಟ್ಟಣದ ಕ್ವಾರ್ಟರ್ಸಿನಲ್ಲಿದ್ದ ಮೇಲಿನ ಮನೆಯ ಅಕ್ಕ ನೆನಪಾದರು. ನೆನಪಾದರು ಎನ್ನುವುದೂ ಸರಿಯಲ್ಲ. ಮರೆತಿದ್ದರಲ್ಲವೇ ನೆನಪಾಗುವುದು...

ಆಗಿನ್ನೂ ಕ್ಯಾಸೆಟ್ಟುಗಳ ಕಾಲ. ಅಪ್ಪ ಅಲ್ಲಿನ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ತುಮಕೂರಿನಿಂದ ಬಂದ ನಾವು ಟೌನ್‌ಶಿಪ್ಪಿನ ಒಂದು ಕಟ್ಟಡದ ಎರಡನೆಯ ಮಹಡಿಯಲ್ಲಿದ್ದೆವು. ನಾನು ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಎಂ.ಎ. ಓದುತ್ತಿದ್ದೆ. ಯಾರು ಏನು ಹೇಳಿದರೂ "ಅದಕ್ಕೆ ಆಧಾರ ಏನು?" ಎಂದು ಕೇಳುವುದನ್ನು ಹೊಸದಾಗಿ ಕಲಿತಿದ್ದೆ. ಅಮ್ಮ ಸಾರಿಗೆ ಉಪ್ಪು ಸರಿಯಾಗಿದೆ ಎಂದರೂ ಆಧಾರ ಕೇಳುತ್ತಿದ್ದೆ.

ನಮ್ಮ ತಲೆಯ ಮೇಲಿನ ಮನೆಗೆ ಅಪ್ಪನ ಕಾರ್ಖಾನೆಯವರೇ ಒಬ್ಬರು ಹೆಂಡತಿಯನ್ನು ಕರೆದುಕೊಂಡು ಬಂದರು. ಅವರು ಕರ್ನಾಟಕದ ಒಂದು ದೊಡ್ಡ ಪೇಟೆಯವರು. ಊರಿನ ಹೆಸರು ಬರೆಯುವುದಿಲ್ಲ. ಹೆಂಡತಿಗೆ ಮೂವತ್ತು ದಾಟಿತ್ತು, ಮಕ್ಕಳಿರಲಿಲ್ಲ. ಆಕೆಯ ಕನ್ನಡದಲ್ಲಿ ಎರಡು ಮಾತಿಗೊಂದು ತೆಲುಗು ಮಾತು ಬಂದು ಕೂರುತ್ತಿತ್ತು. "ನಮ್ಮಾಕೆ ಬಳ್ಳಾರಿ ಕಡೆಯೋರು," ಎಂದು ಗಂಡ ಮೊದಲ ದಿನವೇ ಹೇಳಿದ್ದರು. ಅಷ್ಟು ಸಾಕಾಯಿತು. ಟೌನ್‌ಶಿಪ್ಪಿನ ಕನ್ನಡದ ಹೆಂಗಸರೆಲ್ಲ, "ಬಳ್ಳಾರಿ ಅಂದ್ಮೇಲೆ ತೆಲುಗು ಬರದೆ ಇನ್ನೇನು," ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಸುಮ್ಮನಾದರು. ನಮ್ಮಲ್ಲಿ ಯಾರೂ ಬಳ್ಳಾರಿ ನೋಡಿದವರಿರಲಿಲ್ಲ.

ಆರು ತಿಂಗಳಲ್ಲಿ ಅಕ್ಕ ಟೌನ್‌ಶಿಪ್ಪಿನ ಡ್ಯಾನ್ಸ್ ಟೀಚರ್ ಆಗಿದ್ದರು. ಸಂಜೆ ಐದಕ್ಕೆ ನಮ್ಮ ಮನೆಯ ಸೂರು ಗುಡುಗಲು ಶುರುವಾಗುತ್ತಿತ್ತು. ಹತ್ತು ಹನ್ನೆರಡು ಹುಡುಗಿಯರ ಪಾದಗಳ ನಡುವೆ ಅಕ್ಕನ ಪಾದವನ್ನು ಕೆಳಗಿನಿಂದಲೇ ಗುರುತಿಸಬಹುದಿತ್ತು. ಉಳಿದವರದು ಧಡಧಡ; ಅವರದು ಹಿಮ್ಮಡಿಯಿಂದ ಬಿದ್ದು ಬೆರಳಲ್ಲಿ ಮುಗಿಯುವ ಒಂದೇ ಸದ್ದು. ನನ್ನ ತಂಗಿಯೂ ಹೋಗುತ್ತಿದ್ದಳು. ಅವಳ ಪುಸ್ತಕದಲ್ಲಿ ಕನ್ನಡದ ಹಾಡುಗಳೆಲ್ಲ ತೆಲುಗು ಅಕ್ಷರದಲ್ಲಿದ್ದವು. ಆ ಮಕ್ಕಳಲ್ಲಿ ಬಹುಪಾಲು ಕನ್ನಡ ಮಾತಾಡುತ್ತಿದ್ದರೇ ಹೊರತು ಓದುತ್ತಿರಲಿಲ್ಲ. ಅಕ್ಕನಿಗೂ ಅದೇ ಅನುಕೂಲವಾಗಿತ್ತು ಎಂದು ಆಗ ನನಗೆ ಹೊಳೆಯಲಿಲ್ಲ.

ಒಂದು ದಿನ ಟೇಪ್ ರೆಕಾರ್ಡರ್ ಕ್ಯಾಸೆಟ್ಟಿನ ರೀಲನ್ನು ಅಗಿದುಬಿಟ್ಟಿತೆಂದು ನನ್ನನ್ನು ಮೇಲಕ್ಕೆ ಕರೆದರು. ನಾನು ರೆಕಾರ್ಡರಿನ ಮುಚ್ಚಳ ಬಿಚ್ಚುವಷ್ಟರಲ್ಲಿ ಅಕ್ಕ ತುಂಡಾದ ರೀಲಿನ ಎರಡು ತುದಿಗಳನ್ನು ಮಂಡಿಯ ಮೇಲೆ ಹಾಸಿಕೊಂಡು, ಕತ್ತರಿಯಿಂದ ಓರೆಯಾಗಿ ಕತ್ತರಿಸಿ, ಒಂದರ ಮೇಲೊಂದಿಟ್ಟು, ಉಗುರುಬಣ್ಣದ ಒಂದು ಹನಿ ತಾಗಿಸಿ ಊದುತ್ತಿದ್ದರು. ಹಾಡು ಹಾಕಿದರೆ ಒಂದು ಸಣ್ಣ 'ಟಪ್' ಬಿಟ್ಟರೆ ಅಂಟಿಸಿದ ಜಾಗ ಗೊತ್ತೇ ಆಗಲಿಲ್ಲ.

"ಎಲ್ಲಿ ಕಲಿತ್ರಿ ಅಕ್ಕಾ ಇದನ್ನ?"

"ಎಲ್ಲೋ ಬಿಡು ತಮ್ಮಾ. ಅಡುಗೆ ಎಲ್ಲಿ ಕಲಿತೆ ಅಂತ ಕೇಳ್ತೀಯಾ? ಇದೂ ಅಷ್ಟೇ ಕದಾ," ಎಂದು ನಕ್ಕರು. ಅವರ ನಗು ಒಂದು ಅಳತೆ ದೊಡ್ಡದಾಗಿತ್ತು. ಕೋಣೆಯಲ್ಲಿ ನಾನೊಬ್ಬನೇ ಇದ್ದರೂ ಹಿಂದೆ ನೂರು ಜನ ನಿಂತಿರುವಂತೆ ನಗುತ್ತಿದ್ದರು. ಅಥವಾ ಇದನ್ನು ನಾನು ಆಮೇಲೆ ಸೇರಿಸಿಕೊಂಡೆನೋ ಏನೋ.

ಆ ವರ್ಷದ ದಸರೆಗೆ ಸ್ನೇಹಿತನೊಬ್ಬ ನನ್ನನ್ನು ವಿಜಯವಾಡಕ್ಕೆ ಕರೆದೊಯ್ದ. ಆಟೋನಗರ್‌ನಲ್ಲಿ ಆಯುಧಪೂಜೆ. ಲಾರಿಗಳಿಗೆಲ್ಲ ಬಾಳೆಕಂದು, ನಿಂಬೆಹಣ್ಣು. ಸಂಜೆ ಒಂದು ಲಾರಿಯ ಮೂರೂ ಬದಿಯ ಹಲಗೆಗಳನ್ನು ಇಳಿಸಿ ಅದನ್ನೇ ಸ್ಟೇಜು ಮಾಡಿ ರೆಕಾರ್ಡಿಂಗ್ ಡ್ಯಾನ್ಸ್ ಇಟ್ಟಿದ್ದರು. ಸಿನಿಮಾ ಹಾಡಿನ ಕ್ಯಾಸೆಟ್ಟಿಗೆ ನಾಯಕಿಯರಂತೆ ವೇಷ ಹಾಕಿದ ಹೆಂಗಸರು ಕುಣಿಯುವ ಆಟ ಅದು. ಆ ಕಡೆ ಅದನ್ನು ನೋಡದ ಗಂಡಸಿಲ್ಲ, ನೋಡಿದೆ ಎಂದು ಮನೆಯಲ್ಲಿ ಹೇಳುವ ಗಂಡಸೂ ಇಲ್ಲ. ಲಾರಿಯ ಹಿಂದೆ ಡ್ರೈವರ್ ಕ್ಯಾಬಿನ್. ಉಳಿದ ಮೂರು ಕಡೆಯೂ ಜನ. ಅರ್ಧ ಹಾಡಿಗೆ ಕ್ಯಾಸೆಟ್ಟು ನಿಂತಿತು. ಮಿಂಚುಬಟ್ಟೆಯ ಹೆಂಗಸು ನಿಲ್ಲಲಿಲ್ಲ. ಇಲ್ಲದ ಹಾಡಿಗೆ, ಗೆಜ್ಜೆಯ ಸದ್ದೊಂದನ್ನೇ ಹಿಡಿದು, ಅದೇ ನಗುವಿನಲ್ಲಿ ಕುಣಿಯುತ್ತಲೇ ಹೋದಳು. ಹಾಡು ಮತ್ತೆ ಎಲ್ಲಿಂದಲೋ ಶುರುವಾದಾಗ ಅಲ್ಲಿಂದಲೇ ಹಿಡಿದುಕೊಂಡಳು. ಮುಗಿದಾಗ ಎಡಕ್ಕೊಂದು, ಬಲಕ್ಕೊಂದು, ಕೊನೆಗೆ ಎದುರಿಗೊಂದು ಸಲಾಮು ಮಾಡಿದಳು.

"ಪಾಟ ಆಗಿನಾ ಆಟ ಆಗಕೂಡದು," ಎಂದ ಸ್ನೇಹಿತ. ಹಾಡು ನಿಂತರೂ ಕುಣಿತ ನಿಲ್ಲಬಾರದು, ಅದು ಟ್ರೂಪಿನವರ ನಿಯಮ. "ಆಗಿತೇ ರಾಳ್ಳು." ನಿಂತರೆ ಕಲ್ಲು ಬೀಳುತ್ತವೆ.

ಈಗ ಕಣ್ಣು ಮುಚ್ಚಿದರೆ ಆ ಲಾರಿಯ ಮೇಲೆ ಕುಣಿಯುವವಳಿಗೆ ಅಕ್ಕನ ಮುಖವೇ ಇರುತ್ತದೆ. ಅದು ಸುಳ್ಳು. ಆ ಸಂಜೆ ಅಕ್ಕ ವಿಶಾಖಪಟ್ಟಣದಲ್ಲಿ ನಮ್ಮ ಮನೆಯ ಬೊಂಬೆ ನೋಡಲು ಬಂದಿದ್ದರೆಂದು ಅಮ್ಮ ಹೇಳಿದ್ದು ಗೊತ್ತು. ಗೊತ್ತಿದ್ದರೂ ಮುಖ ಬದಲಾಗುವುದಿಲ್ಲ.

ನವೆಂಬರಿನಲ್ಲಿ ನಮ್ಮ ಕನ್ನಡ ಸಂಘದ ರಾಜ್ಯೋತ್ಸವ. ಸಂಘದ ಕಾರ್ಯದರ್ಶಿಗಳು ಅಕ್ಕನ ಗಂಡನ ಊರಿನವರೇ. ಒಳ್ಳೆಯ ಮನುಷ್ಯ; ಭಾಷಣ ಶುರು ಮಾಡಿದರೆ ಮುಗಿಸುವುದು ಹೇಗೆಂದು ತಿಳಿಯದೆ ಒದ್ದಾಡುತ್ತಿದ್ದರು. ಅವರ ಭಾಷಣ ಮುಗಿದ ಮೇಲೆ ಅಕ್ಕ ಕಲಿಸಿದ ಕೋಲಾಟ. ಎಂಟು ಹುಡುಗಿಯರು ಇಳಕಲ್ ಸೀರೆಯಲ್ಲಿ ಬಂದು ನಿಂತರು. ಎರಡನೆಯ ಚರಣದಲ್ಲಿ ಕ್ಯಾಸೆಟ್ಟು ಕಿರುಗುಟ್ಟಿ ನಿಂತಿತು.

ಹುಡುಗಿಯರು ಕೋಲು ಎತ್ತಿಕೊಂಡೇ ನಿಂತರು. ಹಿಂದಿನ ಸಾಲಿನಿಂದ ಯಾರೋ, "ಸೆಕ್ರೆಟರಿ ಸಾಹೇಬ್ರೇ, ನೀವು ಮಾತ್ರ ಮತ್ತೆ ಶುರು ಮಾಡ್ಬೇಡಿ!" ಎಂದು ಕೂಗಿದರು. ಸಭೆ ನಕ್ಕಿತು. ಆ ನಗು ಇಳಿಯುವ ಮೊದಲೇ ಪರದೆಯ ಬದಿಯಿಂದ ಅಕ್ಕ ಬಂದರು. ಸಾಸಿವೆ ಬಣ್ಣದ ಸೀರೆ. ನನ್ನ ತಂಗಿ ಹಸಿರು ಎನ್ನುತ್ತಾಳೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನಮಗೆ ಬೆನ್ನು ಮಾಡಿ ಒಂದು ಗಳಿಗೆ ನಿಂತರು. ತಿರುಗಿದಾಗ ಅದು ನಾವು ಬಲ್ಲ ಮುಖವಾಗಿರಲಿಲ್ಲ.

ಹಾಡಿಲ್ಲದೆ ಕುಣಿದರು. ಹಿಮ್ಮಡಿಯಿಂದ ಬಿದ್ದು ಬೆರಳಲ್ಲಿ ಮುಗಿಯುವ ಆ ಸದ್ದನ್ನು ಅಂದು ಮೊದಲ ಸಲ ಮೇಲಿನಿಂದಲ್ಲ, ಎದುರಿನಿಂದ ಕೇಳಿದೆ. ಹುಡುಗಿಯರು ಅವರ ಹೆಜ್ಜೆ ನೋಡಿ ಕೋಲು ಕೂಡಿಸಿದರು, ಸಭೆ ಚಪ್ಪಾಳೆಯಲ್ಲಿ ತಾಳ ಹಾಕಿತು. ಎಷ್ಟು ಹೊತ್ತು? ಎರಡು ನಿಮಿಷವಿರಬಹುದು. ನನ್ನ ನೆನಪಿನಲ್ಲಿ ಅದು ಮುಗಿಯುವುದೇ ಇಲ್ಲ. ಕ್ಯಾಸೆಟ್ಟು ತಾನಾಗಿ ಮತ್ತೆ ಹೊರಟಾಗ ಅಕ್ಕ ಅದನ್ನು ನಡುವಿನಿಂದಲೇ ಹಿಡಿದುಕೊಂಡು ಹುಡುಗಿಯರನ್ನು ದಡ ಮುಟ್ಟಿಸಿದರು. ಮುಗಿಸಿ, ಬಲಗೈ ಹಣೆಗೆ ಮುಟ್ಟಿಸಿ ಎಡಕ್ಕೊಂದು ಸಲಾಮು ಮಾಡಿದರು. ಬಲಕ್ಕೊಂದು. ಕೊನೆಗೆ ಎದುರಿಗೆ.

ಅದು ಕಮ್ಯುನಿಟಿ ಹಾಲು. ಜನ ಎದುರಿಗೆ ಮಾತ್ರ ಇದ್ದರು. ಎಡಕ್ಕೆ ಸುಣ್ಣದ ಗೋಡೆ, ಬಲಕ್ಕೆ ಸುಣ್ಣದ ಗೋಡೆ. ಆ ಗೋಡೆಗಳನ್ನು ನೋಡಿ ಅಕ್ಕ ಅಷ್ಟೇ ದೊಡ್ಡದಾಗಿ ನಕ್ಕಿದ್ದರು.

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. "ನಮ್ಮೂರ ಸೊಸೆ ಮಾನ ಉಳಿಸಿದ್ಲು," ಎಂದು ಕಾರ್ಯದರ್ಶಿಗಳು ಕಣ್ಣೊರೆಸಿಕೊಂಡರು. ಯಾರಿಗೂ ಏನೂ ಕಾಣಲಿಲ್ಲ. ಕಂಡದ್ದು ನನಗೊಬ್ಬನಿಗೆ. ಏನೋ ಕಂಡುಹಿಡಿದವನ ಹುರುಪು ತಡೆಯಲಾರದೆ ಮರುದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ಹಾಲಿನ ಪಾತ್ರೆ ಹಿಡಿದು ಹತ್ತುತ್ತಿದ್ದ ಅಕ್ಕನನ್ನು ನಿಲ್ಲಿಸಿ ಕೇಳಿಯೇಬಿಟ್ಟೆ.

"ಅಕ್ಕಾ, ನೀವು ವಿಜಯವಾಡದ ಟ್ರೂಪಲ್ಲಿದ್ರಿ, ಅಲ್ವಾ?"

ಅವರು ಹಾಲು ತುಳುಕದಂತೆ ಪಾತ್ರೆಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ಹತ್ತಿ ಹೋದರು.

ಆಮೇಲೆ ನಮ್ಮ ಮನೆಗೆ ಬಂದರು. ಅಮ್ಮ ಒಳಗಿದ್ದಳು. ಅಕ್ಕ ಬರಿಗೈಯಲ್ಲಿ ಬಾಗಿಲ ಚೌಕಟ್ಟು ಹಿಡಿದು ನಿಂತದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಅಂದು ಮೊದಲ ಬಾರಿಗೆ ನನ್ನನ್ನು 'ನೀವು' ಎಂದರು.

"ತಮ್ಮಾ, ನೀವು ಓದಿದೋರು. ನಿಮ್ಮ ಹತ್ರ ಸುಳ್ಳು ಹೇಳಲ್ಲ. ಹನ್ನೊಂದು ವರ್ಷ ಕುಣಿದಿದೀನಿ. ಲಾರಿ ಮೇಲೆ, ಎತ್ತಿನ ಗಾಡಿ ಮೇಲೆ, ಎಲ್ಲಿ ನಿಲ್ಲಿಸಿದ್ರೆ ಅಲ್ಲಿ. ಇವರಿಗೆ ಗೊತ್ತು. ನೋಡೇ ಮದುವೆ ಆದೋರು. ಇವರ ತಾಯಿಗೆ ಗೊತ್ತಿಲ್ಲ. ಬಳ್ಳಾರಿ ಮೇಷ್ಟ್ರ ಮಗಳು ಅಂತ ನನ್ನ ದೇವರ ಮನೆಗೆ ಬಿಟ್ಕೊಂಡಿದಾರೆ."

ನಾನು ಏನು ಹೇಳಿದೆನೋ. "ಅದ್ರಲ್ಲಿ ತಪ್ಪೇನಿದೆ ಅಕ್ಕಾ," ಎಂದಿರಬೇಕು. ಆಗ ಅಂಥ ಮಾತುಗಳು ನನಗೆ ಸಲೀಸಾಗಿ ಬರುತ್ತಿದ್ದವು.

"ತಪ್ಪಿಲ್ಲ ಅಂತ ನಿಮಗೆ ಗೊತ್ತು. ಸೆಕ್ರೆಟರಿ ಗಾರು ಅದೇ ಊರೋರು. ಅವರಿಗೆ ತಿಳಿದ್ರೆ ಮರುದಿನ ಅತ್ತೆಗೆ ತಿಳೀತದೆ. ಅವರೊಬ್ಬರ ಹತ್ರ ಮಾತ್ರ ಬೇಡ. ನನಗೆ ಇನ್ನೊಂದು ಮನೆ ಇಲ್ಲ ತಮ್ಮಾ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಇನ್ನೊಂದು ಸಂಜೆ. ಕಾರ್ಯದರ್ಶಿಗಳು ನಮ್ಮಿಂದ ಒಯ್ದಿದ್ದ ಜಮಖಾನ ಹಿಂದಿರುಗಿಸಲು ಬಂದು, ಕೂತು, ಅಕ್ಕನನ್ನು ಹೊಗಳಲು ತೊಡಗಿದರು. "ಏನ್ ಸಂಸ್ಕಾರ ರೀ ಆ ಹೆಣ್ಮಗಳದು! ಶಾಸ್ತ್ರೀಯ ಕಲ್ತಿರ್ಬೇಕು." ಅಪ್ಪ ತಲೆದೂಗಿದರು. ಹದಿನೈದು ನಿಮಿಷ ಆ ಹೊಗಳಿಕೆ ಕೇಳಿ ನನ್ನೊಳಗೆ ಏನೋ ತುರಿಸತೊಡಗಿತು. ಇವರೆಲ್ಲ ಆಧಾರವಿಲ್ಲದೆ ನಂಬುತ್ತಿದ್ದಾರಲ್ಲ ಎಂದು.

"ಬಳ್ಳಾರಿಯಲ್ಲಿ ಯಾವ ಬೀದಿ ಅಂತ ಯಾವತ್ತಾದ್ರೂ ಕೇಳಿದೀರಾ ಸಾರ್?" ಎಂದೆ.

ಅವರು ನಕ್ಕರು. "ಯಾಕಪ್ಪಾ, ಅಡ್ರೆಸ್ ಬೇಕಿತ್ತಾ?"

"ಅಲ್ಲ, ಎರಡು ಗೋಡೆಗೂ ಸಲಾಮು ಮಾಡಿದ್ರಲ್ಲ, ಅದು ಯಾವ ಶಾಸ್ತ್ರೀಯ ಅಂತ. ನೀವು ರೆಕಾರ್ಡಿಂಗ್ ಡ್ಯಾನ್ಸ್ ನೋಡಿದೀರಾ?"

ಅಷ್ಟೇ. ಎರಡು ಪ್ರಶ್ನೆ. ನಾನು ಏನನ್ನೂ ಹೇಳಲಿಲ್ಲ, ಕೇಳಿದೆ, ಅಷ್ಟೇ. ಎಷ್ಟೋ ವರ್ಷ ಈ ವ್ಯತ್ಯಾಸವನ್ನು ಹಿಡಿದುಕೊಂಡೇ ನಿದ್ದೆ ಮಾಡಿದ್ದೇನೆ. ಕಾರ್ಯದರ್ಶಿಗಳು ಎದ್ದು ಚಪ್ಪಲಿ ಮೆಟ್ಟಿಕೊಂಡರು. ನೋಡಿದ್ದರು ಎಂದು ಮುಖವೇ ಹೇಳುತ್ತಿತ್ತು.

ಗಲಾಟೆ ಏನೂ ಆಗಲಿಲ್ಲ. ಯಾರೂ ಅಕ್ಕನಿಗೆ ಒಂದು ಮಾತೂ ಅನ್ನಲಿಲ್ಲ. ಒಬ್ಬ ಹುಡುಗಿಗೆ ಪರೀಕ್ಷೆ ಬಂತು. ಇನ್ನೊಬ್ಬಳಿಗೆ ಕಾಲುನೋವು. ಮತ್ತೊಬ್ಬಳಿಗೆ ಅದೇ ಹೊತ್ತಿಗೆ ಹಿಂದಿ ಟ್ಯೂಷನ್. ಡಿಸೆಂಬರಿನ ಹೊತ್ತಿಗೆ ನನ್ನ ತಂಗಿ ಒಬ್ಬಳೇ ಉಳಿದಿದ್ದಳು. ಆಮೇಲೆ ಅಪ್ಪ ಅವಳನ್ನೂ ಬೇಡ ಎಂದರು. ಐದು ಗಂಟೆಗೆ ಮಾತ್ರ ಮೇಲೆ ಕ್ಯಾಸೆಟ್ಟು ಶುರುವಾಗುತ್ತಿತ್ತು. ಸೂರಿನ ಮೇಲೆ ಒಬ್ಬರದೇ ಹೆಜ್ಜೆ. ಸಂಕ್ರಾಂತಿಗೆ ಗಂಡ ಊರಿಗೆ ಒಬ್ಬರೇ ಹೋಗಿ ಬಂದರು. ಅದಾದ ಮೇಲೆ ಒಂದು ದಿನ ನಾನು ವಿಶ್ವವಿದ್ಯಾಲಯದಿಂದ ಬರುವಷ್ಟರಲ್ಲಿ ಅಕ್ಕ ಇರಲಿಲ್ಲ. ಒಬ್ಬರೇ ವಿಜಯವಾಡದ ಟ್ರೈನು ಹತ್ತಿದರಂತೆ. ಗಂಡ ಮಳೆಗಾಲದವರೆಗೆ ಆ ಮನೆಯಲ್ಲಿದ್ದು, ಬೇರೆ ಕಡೆಗೆ ವರ್ಗ ತೆಗೆದುಕೊಂಡರು.

ಆಮೇಲೆ ನಾನು ಹಲವು ಕೆಲಸ ಹಿಡಿದೆ, ಬಿಟ್ಟೆ. ವಿಜಯವಾಡದಲ್ಲಿಯೇ ಆರು ಮನೆ ಬದಲಿಸಿದ್ದೇನೆ. ಆರೂ ಕಟ್ಟಡದ ತುದಿಯ ಮಹಡಿಗಳು. ತಲೆಯ ಮೇಲೆ ಯಾರೂ ಇರಕೂಡದು. ಆದರೂ ಕೆಲವು ಸಂಜೆ ತಾರಸಿಯಿಂದ ಹೆಜ್ಜೆ ಕೇಳುತ್ತದೆ. ಮೊದಲ ಸಲ ಹತ್ತಿ ಹೋಗಿ ನೋಡಿದ್ದೆ. ನೀರಿನ ಟ್ಯಾಂಕಿನ ಪೈಪು ಬಿಸಿಲಿಗೆ ಹಿಗ್ಗಿ, ತಂಪಿಗೆ ಕುಗ್ಗಿ ಬಡಿಯುತ್ತಿತ್ತು. ಕಾರಣ ಗೊತ್ತಾಯಿತು. ಸದ್ದು ನಿಲ್ಲಲಿಲ್ಲ.

ನನ್ನನ್ನು ಕಾಡುವುದು ಸದ್ದಲ್ಲ, ಒಂದು ಲೆಕ್ಕ ಸಿಗದ ವಿಷಯ. ಆ ವಾರದಲ್ಲಿ ಯಾವುದು ಮೊದಲು? ಅಕ್ಕ ಬಂದು ಬೇಡಿಕೊಂಡದ್ದೋ, ಕಾರ್ಯದರ್ಶಿಗಳು ಜಮಖಾನ ತಂದದ್ದೋ? ಜಮಖಾನ ಮೊದಲಾದರೆ ನಾನು ತಿಳಿಯದೆ ಬಾಯಿ ಹರಿಬಿಟ್ಟ ಹುಡುಗ. ಅಕ್ಕ ಬಂದದ್ದು ಮೊದಲಾದರೆ... ಕೆಲವು ವರ್ಷ ಒಂದು ಕ್ರಮವನ್ನು ನಂಬಿದ್ದೆ, ಕೆಲವು ವರ್ಷ ಇನ್ನೊಂದನ್ನು. ನೆನಪು ಎನ್ನುವುದು ಪ್ರತಿ ಸಲ ಹೊಸದಾಗಿ ಕಟ್ಟಿಕೊಳ್ಳುವಂಥದ್ದು ಎಂದು ಓದಿದವನು ನಾನು. ಖಚಿತವಾಗಿ ಹೇಳಲಾಗದು ಎಂಬ ತೀರ್ಮಾನ ನನಗೆ ಹಿತವಾಗಿಯೇ ಇತ್ತು.

ಉಗುರುಬಣ್ಣದ ಆ ವಾಸನೆ ನಾಲ್ಕು ದಿನ ಬಿಡಲಿಲ್ಲ. ಭಾನುವಾರ ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ಈಗ ತುಮಕೂರಿನಲ್ಲಿ ತಂಗಿಯ ಮನೆಯಲ್ಲಿದ್ದಾಳೆ. ಎಂಬತ್ತು ದಾಟಿದೆ, ಮೊಮ್ಮಕ್ಕಳ ಹೆಸರು ತಪ್ಪಿದರೂ ಹಳೆಯದು ತಪ್ಪುವುದಿಲ್ಲ.

"ಅಮ್ಮಾ, ಮೇಲ್ಗಡೆ ಮನೆ ಅಕ್ಕ ಒಂದ್ಸಲ ಬಂದು ನನ್ನ ಹತ್ರ ಮಾತಾಡಿದ್ರಲ್ಲ. ಆಗ ಸೆಕ್ರೆಟರಿ ಬಂದು ಹೋಗಿದ್ರಾ?"

"ಇಲ್ಲ ಕಣೋ. ಅವರು ಬಂದಿದ್ದು ಅದಾದ ಮಾರನೇ ದಿನ."

"ಅಷ್ಟು ಖಚಿತವಾಗಿ ಹೇಗೆ ಹೇಳ್ತೀಯಾ?" ಎಂದೆ. ಐವತ್ತು ದಾಟಿದರೂ ಬಿಡದ ಚಟ.

"ಅವಳು ಬಂದಾಗ ಒಂದು ಡಬ್ಬಿ ಸುನ್ನುಂಡೆ ತಂದಿದ್ಲು. ಉದ್ದಿನಹಿಟ್ಟು ತುಪ್ಪ ಬೆಲ್ಲ ಹಾಕಿ, ಆ ಕಡೆಯೋರು ಮಾಡೋ ಉಂಡೆ. ಸೆಕ್ರೆಟರಿ ಬಂದಾಗ ಮನೇಲಿ ಬೇರೆ ಏನೂ ಇರ್ಲಿಲ್ಲ. ಅದನ್ನೇ ಕೊಟ್ಟೆ. ತಟ್ಟೆ ತಗೊಂಡು ಹೋಗಿ ಅವರ ಮುಂದೆ ಇಟ್ಟೋನು ನೀನೇ."

ಬರಿಗೈಯಲ್ಲಿ ಚೌಕಟ್ಟು ಹಿಡಿದು ನಿಂತ ಅಕ್ಕನನ್ನು ಇಷ್ಟು ವರ್ಷ ನೋಡುತ್ತಿದ್ದೆನಲ್ಲ, ನೆನಪಿನಲ್ಲಿ ಆ ಕೈಗಳಿಂದ ಡಬ್ಬಿಯನ್ನು ತೆಗೆದುಹಾಕಿದವನು ನಾನೇ.

"ನಿಂಗೆ ಗೊತ್ತಿತ್ತಾ, ಸೆಕ್ರೆಟರಿ ಹತ್ರ ನಾನು ಏನು ಕೇಳಿದೆ ಅಂತ?"

"ಅಡುಗೆಮನೆ ಎಷ್ಟು ದೂರ ಇತ್ತು ಆ ಮನೇಲಿ? ಅವಳು ಬೇಡ್ಕೊಂಡಿದ್ದೂ ಕೇಳಿಸ್ತು. ನೀನು ಹೇಳಿದ್ದೂ ಕೇಳಿಸ್ತು."

ಹೇಳಿದ್ದು, ಎಂದಳು ಅಮ್ಮ. ಕೇಳಿದ್ದು ಎನ್ನಲಿಲ್ಲ.

"ಮತ್ತೆ ಇಷ್ಟು ವರ್ಷ ಒಂದು ಮಾತು ಅನ್ಲಿಲ್ವಲ್ಲಮ್ಮ."

"ಅವಳು ಬೇಡ ಅಂದಿದ್ಲು. ಹೊರಡೋ ದಿನ ಕೆಳಗೆ ಬಂದ್ಲು. 'ಅಮ್ಮಾ, ತಮ್ಮನಿಗೆ ಏನೂ ಅನ್ಬೇಡಿ, ಚಿನ್ನವಾಡು, ಇನ್ನೂ ಚಿಕ್ಕೋನು, ಓದ್ಕೊಳ್ಳೋ ಹುಡುಗ. ತನ್ನಿಂದ ಆಯ್ತು ಅಂತ ಅವನಿಗೆ ತಿಳಿಯೋದು ಬೇಡ' ಅಂದ್ಲು. ನನ್ನ ಹತ್ರ ಕೈ ಮೇಲೆ ಕೈ ಹಾಕಿಸ್ಕೊಂಡ್ಲು. ನಿಮ್ಮಪ್ಪನಿಗೂ ಹೇಳಿರ್ಲಿಲ್ಲ. ಇವತ್ತು ನೀನು ಕೆದಕಿ ಕೆದಕಿ ಕೇಳ್ದೆ ಅಂತ ಬಾಯಿಗೆ ಬಂತು. ಹೇಳ್ಬಾರ್ದಿತ್ತೇನೋ... ಊಟ ಆಯ್ತಾ ನಿಂದು?"

ಆಯಿತು ಎಂದೆ. ಆಗಿರಲಿಲ್ಲ.

ಅಕ್ಕನಿಗೆ ಈಗ ಅರವತ್ತು ದಾಟಿರಬೇಕು. ಇದ್ದರೆ ಇದೇ ಊರಿನಲ್ಲಿ, ನಾನು ದಿನವೂ ಸ್ಕೂಟರಿನಲ್ಲಿ ಹಾದುಹೋಗುವ ಯಾವುದೋ ಓಣಿಯಲ್ಲಿ ಇರಬಹುದು. ಆ ಭಾನುವಾರದಿಂದ ಈಚೆಗೆ ಎರಡು ಸಲ ಹುಡುಕಲು ಹೊರಟಿದ್ದೇನೆ. ಹಳೆಯ ಟ್ರೂಪುಗಳನ್ನು ಬಲ್ಲವರು ಒಬ್ಬಿಬ್ಬರು ಇದ್ದಾರೆ. ಮೈಕ್‌ಸೆಟ್ ಅಂಗಡಿಯ ಮುದುಕರೊಬ್ಬರಿಗೆ ಎಲ್ಲರ ಮನೆಯೂ ಗೊತ್ತು ಎಂದು ಹೇಳುತ್ತಾರೆ. ಮೊನ್ನೆ ಅವರ ಅಂಗಡಿಯ ಮುಂದೆ ಹೋಗಿ ನಿಂತೆ. "ಏಂ ಕಾವಾಲಿ ಬಾಬೂ?" ಏನು ಬೇಕು ಎಂದು ಅವರು ಕೇಳಿದರು.

ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ಕೂತಿದ್ದರು. ಕಾರ್ಖಾನೆಯ ಕನ್ನಡದವರನ್ನು ಮದುವೆಯಾಗಿ ವಿಶಾಖಪಟ್ಟಣಕ್ಕೆ ಹೋಗಿ, ಒಬ್ಬರೇ ಹಿಂದಿರುಗಿದ ಡ್ಯಾನ್ಸರ್ ಒಬ್ಬರು ಇದ್ದರಲ್ಲ, ಎಲ್ಲಿದ್ದಾರೆ ಎಂದು ಕೇಳಬೇಕಿತ್ತು. ಹಾಗಲ್ಲದೆ ಬೇರೆ ರೀತಿಯಲ್ಲಿ ಕೇಳಲು ಬರುವುದಿಲ್ಲ. ಈಗ ಅವರು ಯಾರ ಮನೆಯಲ್ಲಿ, ಯಾರ ಅತ್ತೆಯಾಗಿ, ಯಾವ ಊರಿನವರೆಂದು ಹೇಳಿಕೊಂಡು ಇದ್ದಾರೋ ನನಗೆ ಗೊತ್ತಿಲ್ಲ.

"ಏಮೀ ಲೇದಂಡಿ," ಎಂದೆ. ಏನೂ ಇಲ್ಲ. ಸ್ಕೂಟರು ಮೊದಲ ಒದೆತಕ್ಕೇ ಸ್ಟಾರ್ಟ್ ಆಯಿತು. ಮನೆಗೆ ಬಂದೆ.